ಪಟ ಯಾರ ಕೈಯಲ್ಲಿದೆ?

(ಹಿರೋಶಿಮಾ ದಿನದ ನಿಮಿತ್ತ ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಕೂಡಿ ನಡೆಸಿದ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ವ್ಯಾಪಾರದ ಹೊತ್ತಿನಲ್ಲೇ ಅಂಗಡಿಯ ಬಾಗಿಲು ಹಾಕಿಕೊಂಡು ಬಂದವರಿದ್ದೀರಿ. ಆದುದರಿಂದ ಸುತ್ತಿ ಬಳಸಿ ಮಾತನಾಡುವುದಿಲ್ಲ.

ಈ ಸಭೆಯ ಮುಂದೆ ಒಂದು ಸಲಹೆ ಇದೆ. ಅಣುಬಾಂಬಿಗೆ ಸಿಕ್ಕಿ ಬದುಕುಳಿದವರ ಛಾಯಾಚಿತ್ರಗಳನ್ನು ಕೂಡಿಸಿ, ಒಂದು ವಾರ ಸಂಘದ ಕಚೇರಿಯಲ್ಲಿಯೂ ಸಂತೆಯ ದಿನ ಪೇಟೆಯ ಕಟ್ಟೆಯ ಮೇಲೆಯೂ ತೂಗುಹಾಕಬೇಕೆಂಬುದು ಆ ಸಲಹೆ. ಇದನ್ನು ಕೇಳಿದ ಕೆಲವು ಮಿತ್ರರು ಮೂರು ಪ್ರಶ್ನೆ ಎತ್ತಿದ್ದಾರೆ. ಸುಟ್ಟ ಮೈಯ ಪಟ ನೋಡುವುದರಿಂದ ಯಾರಿಗೇನು ಲಾಭ? ದೂರದ ಜಪಾನಿನ ಗೋಳು ನಮಗೇಕೆ? ನಮ್ಮ ದೇಶದ ಕೈಯಲ್ಲಿಯೂ ಬಾಂಬು ಇರುವಾಗ ಈ ಮಾತೆತ್ತಿದರೆ ದೇಶದ್ರೋಹಿಗಳೆಂದು ಕರೆಯುವುದಿಲ್ಲವೆ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಅವಕ್ಕೆ ಉತ್ತರ ಹೇಳದೆ ಪಟ ತೂಗುಹಾಕುವುದು ಸರಿಯಲ್ಲ.

ಮೇಲಿನ ಪಟ, ಕೆಳಗಿನ ಪಟ

ಅಣುಬಾಂಬು ಎಂದೊಡನೆ ನಮ್ಮೆಲ್ಲರ ಕಣ್ಣ ಮುಂದೆ ಬರುವುದು ಯಾವ ಪಟ? ಅಣಬೆಯಂತೆ ಮೇಲೆದ್ದ ಹೊಗೆಯ ಮೋಡ. ಶಾಲೆಯ ಪುಸ್ತಕದಲ್ಲಿ ಇರುವುದೂ ಅದೇ, ಪತ್ರಿಕೆಗಳು ಮುದ್ರಿಸುವುದೂ ಅದನ್ನೇ. ಲೋಕವೆಲ್ಲ ಹರಡಿದ ಆ ಪಟವನ್ನು ತೆಗೆದದ್ದು ವಿಮಾನದಲ್ಲಿ ಕುಳಿತು. ಅಂದರೆ, ಬಾಂಬು ಹಾಕಿದವರ ಕಣ್ಣಿಗೆ ಕಂಡದ್ದು ಅದು. ಅದರಲ್ಲಿ ಒಬ್ಬ ಮನುಷ್ಯನೂ ಇಲ್ಲ. ಆ ಮೋಡದ ಬುಡದಲ್ಲಿ ಒಂದು ಊರು ಇತ್ತು, ಟ್ರಾಮು ಓಡುತ್ತಿತ್ತು, ಹುಡುಗರು ಕೆಲಸಕ್ಕೆ ಹೊರಟಿದ್ದರು ಎಂಬುದು ಅದರಿಂದ ತಿಳಿಯುವುದಿಲ್ಲ.

ಕೆಳಗಿನಿಂದ ತೆಗೆದ ಪಟಗಳೂ ಇವೆ. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಹಿರೋಶಿಮಾದ ಮೇಲೆ ಬಾಂಬು ಬಿತ್ತು. ಆ ಊರಿನ 'ಚೂಗೋಕು ಶಿಂಬುನ್' ಪತ್ರಿಕೆಯ ಛಾಯಾಗ್ರಾಹಕ ಯೋಶಿತೊ ಮಾತ್ಸುಶಿಗೆ ಎಂಬವರು ಅಂದು ಬದುಕುಳಿದರು. ಕ್ಯಾಮರಾ ಹಿಡಿದು ಬೀದಿಗಿಳಿದ ಅವರು, ಬಾಂಬು ಸಿಡಿದ ಸ್ಥಳದಿಂದ ಎರಡು ಕಿಲೊಮೀಟರಿಗೂ ಸ್ವಲ್ಪ ಆಚೆಗಿರುವ ಮಿಯುಕಿ ಸೇತುವೆಗೆ ಬಂದರು. ಅಲ್ಲಿ ಚರ್ಮ ಸುಲಿದುಹೋದ ಶಾಲೆಯ ಮಕ್ಕಳು ಕುಳಿತಿದ್ದರು. ಒಬ್ಬ ಪೊಲೀಸಿನವನು ಅವರ ಸುಟ್ಟ ಗಾಯಕ್ಕೆ ಅಡಿಗೆಯ ಎಣ್ಣೆ ಸವರುತ್ತಿದ್ದ. ಮಾತ್ಸುಶಿಗೆಯವರಿಗೆ ಸುಮಾರು ಇಪ್ಪತ್ತು ನಿಮಿಷ ಗುಂಡಿ ಒತ್ತಲು ಕೈಯೇ ಬರಲಿಲ್ಲ. ಇಪ್ಪತ್ತನಾಲ್ಕು ಪಟಕ್ಕಾಗುವಷ್ಟು ಫಿಲ್ಮು ಇದ್ದೂ, ಆ ದಿನವೆಲ್ಲ ಅವರು ತೆಗೆದದ್ದು ಏಳು ಪಟ; ಉಳಿದದ್ದು ಐದು. ಅವುಗಳಲ್ಲೊಂದು ಅವರ ಮನೆಯವರದೇ ಆದ ಕ್ಷೌರದ ಅಂಗಡಿಯದು. ಕಿಟಕಿ ಬಾಗಿಲು ಕಿತ್ತು ಬಿದ್ದಿವೆ, ಹೆಂಡತಿ ಒಳಗೆ ನಿಂತಿದ್ದಾರೆ. ಆ ದಿನ ಹಿರೋಶಿಮಾದ ನೆಲದ ಮೇಲೆ ನಿಂತು ಜನರ ನಡುವೆ ತೆಗೆದ ಪಟಗಳೆಂದು ಲೋಕಕ್ಕೆ ಗೊತ್ತಿರುವುದು ಈ ಐದೇ ಎನ್ನಬೇಕು. ಆ ವರ್ಷದ ಕೊನೆಯೊಳಗೆ ಆ ಊರಿನಲ್ಲಿ ಸತ್ತವರು ಸುಮಾರು 1,40,000. ಆಗಸ್ಟ್ 9ರಂದು ಬಾಂಬು ಬಿದ್ದ ನಾಗಸಾಕಿಯಲ್ಲಿ ಸುಮಾರು 74,000.

ಪಟದಿಂದ ಏನು ಲಾಭ ಎನ್ನುವ ಮಿತ್ರರು ಒಂದನ್ನು ಯೋಚಿಸಬೇಕು. ಪಟದಿಂದ ಏನೂ ಆಗದೆಂದಿದ್ದರೆ ಅಧಿಕಾರದಲ್ಲಿರುವವರು ಅದನ್ನು ಬಚ್ಚಿಡಲು ಅಷ್ಟು ಶ್ರಮಪಡುತ್ತಿರಲಿಲ್ಲ.

ಪರದೆಯ ಹಿಂದೆ

1945ರ ಸೆಪ್ಟೆಂಬರಿನಲ್ಲಿ ಜಪಾನನ್ನು ಆಕ್ರಮಿಸಿದ್ದ ಅಮೆರಿಕದ ಸೇನಾಡಳಿತ ಪತ್ರಿಕೆಗಳಿಗೆ ಕಟ್ಟಳೆ ಹಾಕಿತು. ಬಾಂಬಿನಿಂದ ಮನುಷ್ಯರಿಗೆ ಏನಾಯಿತೆಂಬ ಪಟಗಳು ಬಹುಮಟ್ಟಿಗೆ ಮರೆಯಾದವು. 1952ರ ಏಪ್ರಿಲಿನಲ್ಲಿ ಆ ಆಡಳಿತ ಮುಗಿದ ಮೇಲೆ, ಅದೇ ವರ್ಷದ ಆಗಸ್ಟ್ 6ರಂದು 'ಅಸಾಹಿ ಗ್ರಾಫ್' ಎಂಬ ಸಚಿತ್ರ ಪತ್ರಿಕೆ ಅವನ್ನು ಒಟ್ಟಾಗಿ ಅಚ್ಚುಹಾಕಿತು. ಸಂಚಿಕೆ ಲಕ್ಷಗಟ್ಟಲೆ ಖರ್ಚಾಯಿತು. ಜಪಾನಿನ ಇತರ ಊರುಗಳ ಸಾಮಾನ್ಯ ಜನ ತಮ್ಮದೇ ದೇಶದ ಎರಡು ಊರುಗಳಿಗೆ ಆದದ್ದನ್ನು ಚೆನ್ನಾಗಿ ಕಣ್ಣಾರೆ ಕಂಡದ್ದು ಏಳು ವರ್ಷಗಳ ಮೇಲೆ!

ನಾಗಸಾಕಿಯ ಕಥೆ ಇನ್ನೂ ವಿಚಿತ್ರ. ಯೋಸುಕೆ ಯಾಮಾಹಾತಾ ಎಂಬವರು ಜಪಾನಿನ ಸೇನೆಯ ಛಾಯಾಗ್ರಾಹಕರು. ಬಾಂಬು ಬಿದ್ದ ಮರುದಿನವೇ ಸೇನೆ ಅವರನ್ನು ಅಲ್ಲಿಗೆ ಕಳಿಸಿತು. ಶತ್ರುವಿನ ಕ್ರೌರ್ಯ ತೋರಿಸಿ ಜನರನ್ನು ಇನ್ನೂ ಕಾದಾಟಕ್ಕೆ ಹುರಿದುಂಬಿಸಬೇಕೆಂಬುದು ಸೇನೆಯ ಲೆಕ್ಕ. ಒಂದೇ ದಿನದಲ್ಲಿ ನೂರಕ್ಕೂ ಹೆಚ್ಚು ಪಟ ತೆಗೆದರು. ಅನ್ನದ ಉಂಡೆ ಹಿಡಿದು ನಿಂತ, ಮುಖಕ್ಕೆ ಗಾಯವಾದ ಪುಟ್ಟ ಹುಡುಗನ ಪಟ ಅವರದೇ. ಯುದ್ಧಕ್ಕೆಂದು ತೆಗೆಸಿದ ಪಟಗಳು ಮುಂದೆ ಶಾಂತಿಗಾಗಿ ಮಾತನಾಡಿದವು.

ಆದರೆ ಮಾತನಾಡಲು ಸುಲಭವಾಗಿ ಬಿಟ್ಟರೆಂದು ತಿಳಿಯಬೇಡಿ. 1956ರಲ್ಲಿ ಟೋಕಿಯೋದಲ್ಲಿ 'ಮಾನವ ಕುಟುಂಬ' ಎಂಬ ಪ್ರಸಿದ್ಧ ಛಾಯಾಚಿತ್ರ ಪ್ರದರ್ಶನ ನಡೆಯಿತು. ಯಾಮಾಹಾತಾರ ಪಟಗಳೂ ಅಲ್ಲಿದ್ದವು. ಜಪಾನಿನ ಚಕ್ರವರ್ತಿ ನೋಡಲು ಬಂದಾಗ ಅವುಗಳ ಮುಂದೆ ಪರದೆ ಎಳೆದರು; ಆಮೇಲೆ ತೆಗೆದೇಹಾಕಿದರು. ಅಮೆರಿಕದ ಕಡೆಯೂ ಇದೇ ಹಾಡು. ಬಾಂಬು ಹಾಕಿದ 'ಎನೋಲಾ ಗೇ' ವಿಮಾನವನ್ನು 1995ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಪ್ರದರ್ಶನಕ್ಕಿಡಲು ಹೊರಟಿತು. ಅದರ ಜೊತೆಗೆ ಕೆಳಗಿದ್ದವರ ಪಟಗಳನ್ನೂ ಇಡುವ ಯೋಜನೆಯಿತ್ತು. ಮಾಜಿ ಸೈನಿಕರ ಸಂಘಗಳೂ ಶಾಸನಸಭೆಯ ಸದಸ್ಯರೂ ಗದ್ದಲವೆಬ್ಬಿಸಿದರು, ಯೋಜನೆ ರದ್ದಾಯಿತು. ವಿಮಾನದ ಮುಂಭಾಗ ಪ್ರದರ್ಶನಕ್ಕೆ ಬಂತು. ಸುಟ್ಟವರ ಪಟ ಬರಲಿಲ್ಲ.

ಸೋತ ದೇಶದ ಚಕ್ರವರ್ತಿಗೂ ಬೇಡ, ಗೆದ್ದ ದೇಶದ ಸರಕಾರಕ್ಕೂ ಬೇಡ. ಹಾಗಾದರೆ ಈ ಪಟ ಬೇಕಾದದ್ದು ಯಾರಿಗೆ? ಅದರಲ್ಲಿ ಇರುವವರಿಗೆ ಮತ್ತು ಅವರಂಥವರಾದ ನಮಗೆ.

ಸಂಖ್ಯೆಯ ಹಲಗೆ

ಇಲ್ಲಿ ಒಂದು ಎಚ್ಚರಿಕೆಯ ಮಾತು ಇದೆ. ಗಾಯಾಳುವಿನ ಪಟ ತೆಗೆದವರೆಲ್ಲ ಅವನ ಬಂಧುಗಳಲ್ಲ.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ 'ಬ್ರಾವೊ' ಎಂಬ ಜಲಜನಕ ಬಾಂಬನ್ನು ಸಿಡಿಸಿತು. ಹಿರೋಶಿಮಾದ ಬಾಂಬಿನ ಸಾವಿರ ಪಾಲು ಶಕ್ತಿ ಅದಕ್ಕೆ. ರೊಂಗೆಲಾಪ್ ದ್ವೀಪದ ಮೇಲೆ ಬಿಳಿಯ ಬೂದಿ ಉದುರಿತು. ಮಕ್ಕಳು ಅದರಲ್ಲಿ ಆಡಿದರು. ಜನರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನಗಳ ಮೇಲೆ. ಅನಂತರ ಸರಕಾರಿ ವೈದ್ಯರು ಬಂದು ಅವರ ಸುಟ್ಟ ಚರ್ಮದ, ಉದುರಿದ ಕೂದಲಿನ ಪಟಗಳನ್ನು ತೆಗೆದರು. ಹಾಗೆ ತೆಗೆಯುವಾಗ ಅವರ ಕೈಯಲ್ಲಿ ಸಂಖ್ಯೆ ಬರೆದ ಹಲಗೆ ಹಿಡಿಸಿದ ಪಟಗಳು ಇಂದಿಗೂ ಇವೆ. ಹೆಸರಿಲ್ಲ, ನಂಬರು ಮಾತ್ರ. 1957ರಲ್ಲಿ ಅದೇ ದ್ವೀಪಕ್ಕೆ ಅವರನ್ನು ಹಿಂದಕ್ಕೆ ಕಳಿಸಿದರು. ಕಾಯಿಲೆ ತಾಳಲಾರದೆ 1985ರಲ್ಲಿ ಅವರಾಗಿಯೇ ಊರು ಬಿಟ್ಟರು.

ಹಿರೋಶಿಮಾದಲ್ಲಿಯೂ ಹಾಗೆಯೆ. 1947ರಲ್ಲಿ ಅಮೆರಿಕ ಅಲ್ಲಿ ಒಂದು ಪರೀಕ್ಷಾ ಮಂಡಲಿ ತೆರೆಯಿತು. ಅದು ಗಾಯಾಳುಗಳನ್ನು ಕರೆಸಿ ಪರೀಕ್ಷಿಸಿತು, ರಕ್ತ ತೆಗೆಯಿತು, ಪಟ ತೆಗೆಯಿತು. ಚಿಕಿತ್ಸೆ ಕೊಡುವುದು ಅದರ ಕೆಲಸವಾಗಿರಲಿಲ್ಲ. ನಮ್ಮನ್ನು ನೋಡುತ್ತಾರೆ, ಗುಣಪಡಿಸುವುದಿಲ್ಲ ಎಂದು ಜನ ನೊಂದುಕೊಂಡರು.

ಗಿರಣಿಯಲ್ಲಿ ದುಡಿಯುವ ನಮಗೆ ಈ ನಂಬರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೆಸರು ಹೋಗಿ ನಂಬರು ಉಳಿದರೆ ಮನುಷ್ಯ ಒಂದು ಸಾಮಾನಾಗುತ್ತಾನೆ. ಗಾಯ ಒಂದೇ, ಕ್ಯಾಮರಾ ಒಂದೇ. ಆದರೆ ಪಟ ಯಾರ ಕೈಯಲ್ಲಿದೆ ಎಂಬುದರ ಮೇಲೆ ಅದು ಕಡತದ ಕಾಗದವೋ ಮನುಷ್ಯನ ಸಾಕ್ಷಿಯೋ ಎಂಬುದು ನಿರ್ಧಾರವಾಗುತ್ತದೆ.

ಅಂಚೆಯವನ ಬೆನ್ನು

ಇದಕ್ಕೆ ನಿದರ್ಶನ ಸುಮಿತೆರು ತಾನಿಗುಚಿ. ಅವರು ನಾಗಸಾಕಿಯ ಅಂಚೆಯವರು. 1945ರಲ್ಲಿ ಹದಿನಾರು ವರ್ಷ. ಆಗಸ್ಟ್ 9ರಂದು ಸೈಕಲ್ಲಿನ ಮೇಲೆ ಕಾಗದ ಹಂಚಲು ಹೊರಟಿದ್ದಾಗ, ಸುಮಾರು 1.8 ಕಿಲೊಮೀಟರು ದೂರದಲ್ಲಿ ಬಾಂಬು ಸಿಡಿಯಿತು. ಬೆನ್ನೆಲ್ಲ ಸುಟ್ಟುಹೋಯಿತು. ಒಂದು ವರ್ಷ ಒಂಬತ್ತು ತಿಂಗಳು ಬೋರಲಾಗಿಯೇ ಮಲಗಿದ್ದರು. 1949ರಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾಗಿ ಮತ್ತೆ ಅದೇ ಕೆಲಸಕ್ಕೆ ಹೋದರು.

1946ರ ಜನವರಿಯಲ್ಲಿ ಅಮೆರಿಕದ ಸೇನೆಯ ತಂಡವೊಂದು ಆ ಕೆಂಪು ಬೆನ್ನನ್ನು ಬಣ್ಣದ ಫಿಲ್ಮಿನಲ್ಲಿ ಚಿತ್ರಿಸಿಕೊಂಡಿತ್ತು. ಆ ಚಿತ್ರ ತಾನಿಗುಚಿಯವರಿಗೂ ಲೋಕಕ್ಕೂ ಕಂಡದ್ದು 1970ರಲ್ಲಿ. ಕೆಂಪು ಬೆನ್ನಿನ ಹುಡುಗ ತಾನೇ ಎಂದು ಅವರು ಮುಂದೆ ಬಂದರು. ಆಮೇಲೆ ಅವರ ಉಳಿದ ಆಯುಷ್ಯವೆಲ್ಲ ಆ ಪಟವನ್ನು ಹಿಡಿದು ನಿಲ್ಲುವುದರಲ್ಲಿ ಕಳೆಯಿತು. 2010ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ದೇಶದೇಶಗಳ ಪ್ರತಿನಿಧಿಗಳ ಎದುರು ಅದನ್ನು ಎತ್ತಿ ಹಿಡಿದರು. ತಾವು ಪ್ರಯೋಗದ ಪ್ರಾಣಿಯಲ್ಲ, ಪ್ರದರ್ಶನದ ವಸ್ತುವೂ ಅಲ್ಲ, ಆದರೂ ಕಣ್ಣು ತಿರುಗಿಸದೆ ನೋಡಿರಿ ಎಂದು ಕೇಳಿಕೊಂಡರು. 2017ರಲ್ಲಿ ತೀರಿಕೊಂಡರು.

ಅದಕ್ಕೂ ಮೊದಲು 1982ರಲ್ಲಿ ಸೆಂಜಿ ಯಾಮಾಗುಚಿ ಎಂಬವರು ಅದೇ ವಿಶ್ವಸಂಸ್ಥೆಯಲ್ಲಿ ತಮ್ಮ ಸುಟ್ಟ ಮುಖದ ಪಟವನ್ನು ಹಿಡಿದು ಮಾತನಾಡಿದ್ದರು. ಬಾಂಬು ಬಿದ್ದಾಗ ಅವರು ಹದಿನಾಲ್ಕರ ಹುಡುಗ. ಶಾಲೆ ಬಿಡಿಸಿ ನಾಗಸಾಕಿಯ ಮಿತ್ಸುಬಿಷಿ ಶಸ್ತ್ರಾಸ್ತ್ರ ಕಾರಖಾನೆಯ ದುಡಿಮೆಗೆ ಹಚ್ಚಲಾಗಿತ್ತು.

ಇವರಿಬ್ಬರೂ ಸೇರಿದ್ದ 'ನಿಹೊನ್ ಹಿಡಾಂಕ್ಯೊ' ಎಂಬ ಬಾಂಬುಪೀಡಿತರ ಒಕ್ಕೂಟ ಹುಟ್ಟಿದ್ದು 1956ರ ಆಗಸ್ಟಿನಲ್ಲಿ. ಅದಕ್ಕೆ 2024ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಸಿಕ್ಕಿತು. ಸೈನ್ಯವಿಲ್ಲ, ಸಿರಿಯಿಲ್ಲ, ಒಂದು ಕೈಯಲ್ಲಿ ಪಟ, ಬಾಯಲ್ಲಿ ಕಂಡ ಮಾತು. ಅದರಿಂದ ಅರುವತ್ತೆಂಟು ವರ್ಷ ನಡೆದರು.

ಹತ್ತು ಅಡಿ ಫಿಲ್ಮು, ಮೀನಿನಂಗಡಿ

ಇದೆಲ್ಲ ದೊಡ್ಡವರ ಕೆಲಸ ಎಂದು ಕೈಚೆಲ್ಲುವವರಿಗಾಗಿ ಎರಡು ಸಂಗತಿ ಹೇಳುತ್ತೇವೆ.

ತಾನಿಗುಚಿಯವರ ಬೆನ್ನು ಇದ್ದ ಆ ಬಣ್ಣದ ಫಿಲ್ಮು ಸುರುಳಿ ಸುರುಳಿಯಾಗಿ ಅಮೆರಿಕದ ಸರಕಾರಿ ದಫ್ತರದಲ್ಲಿ ಬಿದ್ದಿತ್ತು. 1980ರ ಸುಮಾರಿಗೆ ಜಪಾನಿನ ಸಾಮಾನ್ಯ ಜನ ಅದರ ಪ್ರತಿಯನ್ನು ಕೊಂಡು ತರಲು ನಿಶ್ಚಯಿಸಿದರು. ಒಬ್ಬೊಬ್ಬರು ಮೂರು ಸಾವಿರ ಯೆನ್ ಕೊಟ್ಟರೆ ಹತ್ತು ಅಡಿ ಫಿಲ್ಮು. ನಾವು ಬಟ್ಟೆಯನ್ನು ಗಜದ ಲೆಕ್ಕದಲ್ಲಿ ಕೊಳ್ಳುವ ಹಾಗೆ ಅವರು ತಮ್ಮ ನೋವಿನ ದಾಖಲೆಯನ್ನು ಅಡಿಯ ಲೆಕ್ಕದಲ್ಲಿ ಕೊಂಡರು! 'ಹತ್ತು ಅಡಿ ಚಳವಳಿ' ಎಂದೇ ಅದಕ್ಕೆ ಹೆಸರು. ಬಂದ ಫಿಲ್ಮಿನಿಂದ 1982ರ ಹೊತ್ತಿಗೆ ಚಿತ್ರಗಳು ಸಿದ್ಧವಾಗಿ ದೇಶವಿದೇಶಗಳಲ್ಲಿ ತೋರಿಸಲ್ಪಟ್ಟವು.

ಎರಡನೆಯದು ಪೇಟೆಯ ಮಿತ್ರರಿಗೆ. 1954ರ ಬ್ರಾವೊ ಬಾಂಬಿನ ಬೂದಿ ಜಪಾನಿನ 'ಐದನೆಯ ಅದೃಷ್ಟ ಡ್ರಾಗನ್' ಎಂಬ ಮೀನುದೋಣಿಯ ಮೇಲೂ ಬಿತ್ತು. ಅದರ ರೇಡಿಯೋ ಕೆಲಸದವರಾದ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ಸತ್ತರು. ಹಿಡಿದ ಮೀನಿನಲ್ಲಿ ವಿಕಿರಣ ಸಿಕ್ಕಿ ರಾಶಿ ರಾಶಿ ಮೀನು ಹೂಳಿದರು. ಜನ ಮೀನು ಕೊಳ್ಳುವುದನ್ನು ನಿಲ್ಲಿಸಿದರು. ಟೋಕಿಯೋದ ಸುಗಿನಾಮಿ ಎಂಬ ಪೇಟೆಯ ಮೀನಿನಂಗಡಿಯವರೂ ಗೃಹಿಣಿಯರೂ ಜಲಜನಕ ಬಾಂಬು ಬೇಡವೆಂದು ಸಹಿ ಕೂಡಿಸತೊಡಗಿದರು. 1955ರ ಆಗಸ್ಟಿನ ಹೊತ್ತಿಗೆ ಆ ಸಹಿಗಳು ಮೂರು ಕೋಟಿ ದಾಟಿದವು. ಬಾಂಬು ಸಿಡಿದದ್ದು ಸಾವಿರಾರು ಮೈಲಿ ದೂರದಲ್ಲಿ. ನಷ್ಟವಾದದ್ದು ಅಂಗಡಿಯ ಗಲ್ಲಾಪೆಟ್ಟಿಗೆಗೆ. ದೂರದ ಗೋಳು ನಮಗೇಕೆ ಎನ್ನುವವರಿಗೆ ಆ ಮೀನು ವ್ಯಾಪಾರಿಗಳ ಉತ್ತರವೇ ಸಾಕು.

ಯಾರ ಬಾಂಬಾದರೂ ಬಾಂಬೇ

ಪಟಗಳನ್ನು ತೂಗುಹಾಕುವಾಗ ಜಪಾನಿನವನ್ನು ಮಾತ್ರ ಹಾಕಿದರೆ ಅರ್ಧ ಸತ್ಯ ಹೇಳಿದಂತೆ. ಅಮೆರಿಕ ತನ್ನ ಪ್ರಜೆಗಳನ್ನೂ ಬಿಡಲಿಲ್ಲ. 1951ರಿಂದ 1962ರವರೆಗೆ ನೆವಾಡದ ಮರುಭೂಮಿಯಲ್ಲಿ ಬಯಲಲ್ಲಿಯೇ ಬಾಂಬುಗಳು ಸಿಡಿದವು. ಧೂಳು ಗಾಳಿಯ ಜೊತೆ ಯೂಟಾ ಪ್ರಾಂತದ ರೈತರ ಮನೆಗಳಿಗೆ ಹೋಯಿತು. ಕ್ಯಾರೊಲ್ ಗ್ಯಾಲಗರ್ ಎಂಬ ಛಾಯಾಗ್ರಾಹಕಿ ಆ ಪ್ರಾಂತಕ್ಕೇ ಹೋಗಿ ವರ್ಷಗಟ್ಟಲೆ ನೆಲೆಸಿ, ಗಾಳಿಯ ಕೆಳಗಿದ್ದ ಜನರ, ಪರೀಕ್ಷಾ ಸ್ಥಳದ ಕೂಲಿಕಾರರ, ಸಿಪಾಯಿಗಳ ಪಟ ಮತ್ತು ಮಾತುಗಳನ್ನು ಕೂಡಿಸಿ 1993ರಲ್ಲಿ ಪುಸ್ತಕ ತಂದರು. ಅಲ್ಲಿ ನಂಬರಿಲ್ಲ; ಪ್ರತಿಯೊಬ್ಬರಿಗೂ ಹೆಸರಿದೆ, ಮನೆಯಿದೆ, ಹೇಳಲು ಮಾತಿದೆ.

ಇನ್ನು ಸೋವಿಯೆತ್ ಒಕ್ಕೂಟ. 1949ರಿಂದ 1989ರವರೆಗೆ ಕಝಾಕಿಸ್ತಾನದ ಸೆಮಿಪಲಾಟಿನ್‌ಸ್ಕ್‌ನಲ್ಲಿ 456 ಪರೀಕ್ಷೆಗಳು ನಡೆದವು. ಸುತ್ತಣ ಹಳ್ಳಿಗಳ ಕುರಿಗಾಹಿಗಳಿಗೆ ಯಾರೂ ಏನೂ ಹೇಳಲಿಲ್ಲ. ಜಪಾನಿನ ತಕಾಶಿ ಮೊರಿಜುಮಿಯವರು 1990ರ ದಶಕದಲ್ಲಿ ಅಲ್ಲಿಗೆ ಹೋಗಿ ಅವರ ಪಟಗಳನ್ನು ತೆಗೆದರು. 1989ರಲ್ಲಿ ಕವಿ ಓಲ್ಜಾಸ್ ಸುಲೈಮೆನೊವ್ ಎಬ್ಬಿಸಿದ ಚಳವಳಿ ತನ್ನ ಹೆಸರಿನಲ್ಲಿಯೇ ಎರಡು ಸ್ಥಳಗಳನ್ನು ಕೂಡಿಸಿಕೊಂಡಿತು: 'ನೆವಾಡಾ–ಸೆಮಿಪಲಾಟಿನ್‌ಸ್ಕ್'. ಬಾಂಬು ಯಾರದಾದರೂ ಗಾಯ ಒಂದೇ ಎಂಬುದಕ್ಕೆ ಆ ಹೆಸರೇ ಸಾಕ್ಷಿ. 1991ರ ಆಗಸ್ಟ್ 29ರಂದು ಆ ಪರೀಕ್ಷಾ ಸ್ಥಳ ಮುಚ್ಚಿತು.

ಸಮಾಜವಾದಿಗಳಾದ ನಾವು ಇದನ್ನು ಗಟ್ಟಿಯಾಗಿ ಹೇಳಬೇಕು. 1960ರ ದಶಕದ ಮೊದಲಿಗೆ ಜಪಾನಿನ ಶಾಂತಿ ಚಳವಳಿ ಒಡೆದದ್ದು ಈ ಪ್ರಶ್ನೆಯ ಮೇಲೆಯೇ. ಸೋವಿಯೆತ್ ಬಾಂಬನ್ನೂ ಖಂಡಿಸಬೇಕೇ ಬೇಡವೇ ಎಂದು ಜಗಳವಾಡಿ, 1965ರ ಹೊತ್ತಿಗೆ ಒಂದು ಸಂಘಟನೆ ಎರಡಾಯಿತು. ನಡುವೆ ಸಿಕ್ಕಿ ನೊಂದವರು ಪಟದಲ್ಲಿರುವ ಜನ. ಕೆಂಪು ಬಾವುಟದ ಕೆಳಗೆ ಸಿಡಿಸಿದ ಮಾತ್ರಕ್ಕೆ ಬೂದಿ ವಿಭೂತಿಯಾಗುವುದಿಲ್ಲ.

ಜಪಾನಿನ ಸೇನೆ ಚೀನಾದಲ್ಲಿ, ಕೊರಿಯಾದಲ್ಲಿ ಮಾಡಿದ ಪಾಪವನ್ನೂ ಈ ಪಟಗಳಿಂದ ಮುಚ್ಚಬಾರದು. ಬಾಂಬಿಗೆ ಸಿಕ್ಕವರಲ್ಲಿ ಜಪಾನಿನ ಕಾರಖಾನೆಗಳ ದುಡಿಮೆಗೆಂದು ಎಳೆತಂದಿದ್ದ ಕೊರಿಯಾದ ಕೂಲಿಗಳೂ ಸಾವಿರಾರು. ಅವರ ಪಟವೂ ಅದೇ ಸಾಲಿನಲ್ಲಿ ಇರಬೇಕು.

ನಮ್ಮ ಮನೆಯ ಮಾತು

ಈಗ ಮೂರನೆಯ ಪ್ರಶ್ನೆ. ಭಾರತ 1974ರ ಮೇ 18ರಂದು, ಮತ್ತೆ 1998ರ ಮೇ 11 ಹಾಗೂ 13ರಂದು ಪೋಖರಣದಲ್ಲಿ ಪರೀಕ್ಷೆ ನಡೆಸಿತು. ಮೇ 11ನ್ನು ತಂತ್ರಜ್ಞಾನ ದಿನವೆಂದು ಆಚರಿಸುತ್ತೇವೆ. ಆಗಸ್ಟಿನಲ್ಲಿ ನಮ್ಮ ಪಾರ್ಲಿಮೆಂಟು ಹಿರೋಶಿಮಾದವರಿಗಾಗಿ ಎದ್ದು ನಿಂತು ಮೌನ ಆಚರಿಸುತ್ತದೆ. ಎರಡನ್ನೂ ಒಂದೇ ಬಾಯಲ್ಲಿ ನುಂಗುವುದು ಹೇಗೆ? 1954ರಲ್ಲಿ, ಬ್ರಾವೊ ಸಿಡಿದ ಮರುತಿಂಗಳೇ, ಪರೀಕ್ಷೆಗಳನ್ನು ನಿಲ್ಲಿಸಿರೆಂದು ಲೋಕಕ್ಕೆ ಕೂಗಿ ಹೇಳಿದ್ದು ಭಾರತದ ಪ್ರಧಾನಿ ನೆಹರೂ. 2017ರಲ್ಲಿ 122 ದೇಶಗಳು ಕೂಡಿ ಅಣ್ವಸ್ತ್ರ ನಿಷೇಧದ ಒಪ್ಪಂದವನ್ನು ಅಂಗೀಕರಿಸಿದಾಗ, ಆ ಮಾತುಕತೆಗೆ ಹೋಗಲೇ ಇಲ್ಲವೆಂಬುದೂ ಅದೇ ಭಾರತದ ಲೆಕ್ಕದಲ್ಲಿದೆ.

ಪೋಖರಣದ ಪಕ್ಕದ ಖೇತೋಲಾಯಿ ಎಂಬ ಹಳ್ಳಿಯವರು, 1998ರ ಸ್ಫೋಟಕ್ಕೆ ಮನೆಗಳ ಗೋಡೆ ಬಿರಿದುದನ್ನೂ ದನಕರುಗಳ ಕಾಯಿಲೆಯನ್ನೂ ಹೇಳುತ್ತ ಬಂದಿದ್ದಾರೆ. ನಮ್ಮ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ನಾಯಕರು ವಿಜ್ಞಾನಿಗಳೊಡನೆ ನಿಂತ ಪಟ. ಅದೂ ಮೇಲಿನ ಪಟವೇ. ಕೆಳಗಿನ ಪಟ ಎಲ್ಲಿ ಎಂದು ಕೇಳುವುದು ದೇಶದ್ರೋಹವಲ್ಲ. ದೇಶವೆಂದರೆ ಖೇತೋಲಾಯಿಯ ಬಿರಿದ ಗೋಡೆಯೂ ಹೌದು.

ಚೀನಾ, ಪಾಕಿಸ್ತಾನಗಳ ಹತ್ತಿರ ಬಾಂಬು ಇದೆಯಲ್ಲ ಎನ್ನುತ್ತೀರಿ. ಇದೆ. 2025ರ ಮೊದಲಲ್ಲಿ ಲೋಕದಲ್ಲಿದ್ದ ಅಣುಸಿಡಿತಲೆಗಳು ಸುಮಾರು 12,000 ಎಂದು ಅಂದಾಜು. ಅವರು ಹಾಕಿದರೆ ನಾವೂ ಹಾಕುತ್ತೇವೆಂಬುದು ಕಾವಲಲ್ಲ; ಆಗ ಎರಡು ಕಡೆಯೂ ಮಿಯುಕಿ ಸೇತುವೆ. ಆ ಸೇತುವೆಯ ಮೇಲೆ ಮಂತ್ರಿಗಳು ಕುಳಿತಿರಲಿಲ್ಲ ಎಂಬುದನ್ನು ಪಟದಲ್ಲಿ ಚೆನ್ನಾಗಿ ನೋಡಿರಿ. ಅಲ್ಲಿದ್ದವರು ಕೆಲಸಕ್ಕೆ ಹೊರಟ ಮಕ್ಕಳು, ಊರಿನ ಹೆಂಗಸರು, ಒಬ್ಬ ಪೇದೆ.

ಹೇಗೆ ತೂಗುಹಾಕಬೇಕು

ಆದುದರಿಂದ ನಮ್ಮ ಸಲಹೆ ಇಷ್ಟು. ಒಂದು, ಪ್ರತಿ ಪಟದ ಕೆಳಗೆ ತೆಗೆದವರ ಹೆಸರು, ಊರು, ವರ್ಷ ಬರೆಯಬೇಕು. ಪಟದಲ್ಲಿರುವವರು ತಾವಾಗಿ ಹೆಸರು ಹೇಳಿಕೊಂಡಿದ್ದರೆ ಅದನ್ನೂ, ಅವರ ಕಸುಬನ್ನೂ ಬರೆಯಬೇಕು. ಎರಡು, ಹೆದರಿಸಲೆಂದು ಹೆಣಗಳ ಪಟ ಹಾಕುವುದು ಬೇಡ. ಬದುಕಿದವರು ಮತ್ತೆ ಕೆಲಸಕ್ಕೆ ಹೋದ, ಮದುವೆಯಾದ, ಸಭೆಯಲ್ಲಿ ಎದ್ದು ನಿಂತ ಪಟಗಳು ಇರಲಿ. ಗಾಯದಷ್ಟೇ ಬಾಳೂ ಕಾಣಬೇಕು. ಮೂರು, ಎಲ್ಲ ಬಾಂಬುಗಳ ಗಾಯವೂ ಒಂದೇ ಸಾಲಿನಲ್ಲಿರಲಿ; ನಮ್ಮದನ್ನು ಬಿಡಬಾರದು. ನಾಲ್ಕು, ಬಾಗಿಲಲ್ಲಿ ಒಂದು ಮೇಜು, ಅದರ ಮೇಲೆ ಸಹಿಯ ಹಾಳೆ. ಭಾರತ ನಿಷೇಧದ ಒಪ್ಪಂದಕ್ಕೆ ಸೇರಬೇಕೆಂಬುದೇ ಅದರ ಬೇಡಿಕೆ. ನೋಡಿ ಕಣ್ಣೀರಿಟ್ಟು ಮನೆಗೆ ಹೋಗುವುದು ಸುಲಭ. ಕನಿಕರ ಬಾಗಿಲ ಆಚೆ ಆರಿಹೋಗುತ್ತದೆ, ಸಹಿ ಉಳಿಯುತ್ತದೆ.

ತಡಮಾಡುವಂತಿಲ್ಲ. ಜಪಾನಿನ ಸರಕಾರದ ಪಟ್ಟಿಯಲ್ಲಿರುವ ಬಾಂಬುಪೀಡಿತರ ಸಂಖ್ಯೆ 2025ರ ಮಾರ್ಚಿನಲ್ಲಿ ಮೊದಲ ಸಲ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಆಗ ಅವರ ಸರಾಸರಿ ವಯಸ್ಸು ಎಂಬತ್ತಾರು ಆಗಿತ್ತು. ತಾನಿಗುಚಿಯವರ ಕೈ ಈಗ ಇಲ್ಲ. ಅವರು ಎತ್ತಿ ಹಿಡಿದಿದ್ದ ಪಟವನ್ನು ಯಾರಾದರೂ ಹಿಡಿಯಬೇಕು. ಹಿಡಿಯದಿದ್ದರೆ ಅದು ಮತ್ತೆ ದಫ್ತರಕ್ಕೆ ಹೋಗುತ್ತದೆ, ಪರದೆಯ ಹಿಂದಕ್ಕೆ ಹೋಗುತ್ತದೆ.

ಸಂಘದ ಕಚೇರಿಯ ಗೋಡೆ ಖಾಲಿ ಇದೆ. ಮೊಳೆ ಹೊಡೆಯಲು ಇಬ್ಬರು, ಮೇಜಿನ ಹತ್ತಿರ ಪಾಳಿಯ ಮೇಲೆ ಕೂರಲು ಹತ್ತು ಮಂದಿ, ಕಟ್ಟು ಹಾಕಿಸುವ ಖರ್ಚಿಗೆ ಪೇಟೆಯವರಿಂದ ಕೈಲಾದಷ್ಟು ವಂತಿಗೆ ಬೇಕು. ಒಪ್ಪಿಗೆಯಿದ್ದವರು ಕೈ ಎತ್ತಿರಿ, ಹೆಸರು ಬರೆದುಕೊಳ್ಳುತ್ತೇವೆ.